ನಮ್ಮನೆಯವರ ಕೈ ಮತ್ತು ಎರಡು ಬಾಗಿಲ ಕಾರು

ಅಳೋಣ ಅಂತ ಕೂತರೆ ನಗುವಂಥದ್ದೇನೋ ಆಗಿಬಿಡುವುದು ನಮ್ಮ ಮನೆಯ ಹಣೆಬರಹ. ಬೇರೆಯವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರಲ್ಲ, ನಮ್ಮ ಮನೆಗೆ ಇಂಥ ಪ್ರಸಂಗಗಳು ಹಾಗೆ ಬರುತ್ತವೆ. ಅದರಲ್ಲೂ ಆ ಕಾರು ಬಂದ ಮೇಲೆ ಕೇಳುವುದೇ ಬೇಡ. ರವಿಕೆ ಹೊಲಿಸಲು ಬಂದವರು ಅಳತೆ ಕೊಟ್ಟ ಮೇಲೂ ಜಾಗ ಬಿಟ್ಟು ಕದಲುವುದಿಲ್ಲ. "ಅಕ್ಕಾ, ಆ ಕಾರಿನ ಕತೆ ಇನ್ನೊಂದ್ ಸಲ ಹೇಳ್ರಿ" ಅನ್ನುತ್ತಾರೆ. ಹೇಳುತ್ತೇನೆ. ಹೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತೇನೆ. ನಕ್ಕು ನಕ್ಕು ನೀರು ಬಂತು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ.

ನಾನು ಶಿರಾಳಕೊಪ್ಪದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ನಮ್ಮನೆಯವರು ಶಿಕಾರಿಪುರದಿಂದ ಸೊರಬಕ್ಕೆ ಹೋಗಿ ಬರುವ ಖಾಸಗಿ ಬಸ್ಸಿನ ಡ್ರೈವರ್. ಆಗಿದ್ದರು ಅನ್ನಬೇಕು. ಮೊದಲು ಬಲಗೈಯ ಹೆಬ್ಬೆರಳು ತಾನಾಗಿ ಅಲ್ಲಾಡತೊಡಗಿತು, ಅಂಗೈಯಲ್ಲಿ ತಂಬಾಕು ತಿಕ್ಕುವವರ ಹಾಗೆ. ಕದ್ದು ತಂಬಾಕು ಹಾಕುತ್ತಿದ್ದಾರೆ ಅಂತ ನಾನು ಜೇಬು ಕೂಡ ತಡಕಿ ನೋಡಿದೆ. ತಂಬಾಕೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಶಿವಮೊಗ್ಗದ ಡಾಕ್ಟರು ಇದು ನರದ ಕಾಯಿಲೆ, ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಅಂದರು. ಅವತ್ತೇ ಇವರು ಬಸ್ಸು ಬಿಟ್ಟರು. "ಹಿಂದೆ ಕುಂತೋರ ಜೀವ ನನ್ನ ಕೈಯಾಗಿರ್ತತಿ. ಆ ಕೈಯೇ ನನ್ನ ಮಾತು ಕೇಳ್ತಿಲ್ಲ" ಅಂದರು.

ಮನೆಯಲ್ಲಿ ಸುಮ್ಮನೆ ಕೂತಿದ್ದವರು ಒಂದು ದಿನ ಹೇಳಿದರು: "ಇಷ್ಟು ವರ್ಷ ಯಾರು ಕೈ ಮಾಡಿದ್ರೂ ಗಾಡಿ ನಿಲ್ಸೀನಿ ಕಣೆ. ಯಾರು ಕೈ ಮಾಡಿದ್ರೂ ನಿಲ್ಸದೆ ಹೋಗೋ ಗಾಡಿ ಒಂದು ಓಡಿಸ್ಬೇಕು. ಒಂದೇ ಒಂದು ಸಲ. ಈ ಕೈ ಪೂರಾ ಹೋಗಾದ್ರೊಳಗೆ."

ಹಾಗೆ ಬಂತು ಆ ಕಾರು.

ನಿಂಬೆಹಣ್ಣು

ದಾವಣಗೆರೆಯ ಯಾವುದೋ ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿದ್ದ ಕೆಂಪು ಸ್ಪೋರ್ಟ್ಸ್ ಕಾರು. ಯಾರೋ ಅನುಕೂಲಸ್ಥರ ಮಗ ಆಸೆಪಟ್ಟು ತಂದು, ಆಸೆ ತೀರಿದ ಮೇಲೆ ಮರೆತದ್ದು, ಗುಜರಿ ಬೆಲೆಗೆ ಸಿಕ್ಕಿತು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ. ವೈರುಗಳನ್ನೂ ಚಾವಣಿಯನ್ನೂ ಇಲಿಗಳು ಹಂಚಿಕೊಂಡು ತಿಂದಿದ್ದವು. ನೆಲಕ್ಕೆ ಎಷ್ಟು ಹತ್ತಿರ ಅಂದರೆ, ಅದರ ಅಡಿಯಲ್ಲಿ ದಾಟುವ ಕೋಳಿಯೂ ತಲೆ ತಗ್ಗಿಸಬೇಕು.

ಲಾರಿಯಿಂದ ಇಳಿಸಿದ್ದೇ ತಡ, ಪೂಜೆ ಆಗಬೇಕು ಅಂತ ಪಕ್ಕದ ಮನೆಯ ಅಜ್ಜಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದೇಬಿಟ್ಟರು. ಊದುಬತ್ತಿ ಬೆಳಗಿದ್ದಾಯಿತು, ಕಾಯಿ ಒಡೆದದ್ದಾಯಿತು, ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಇನ್ನು ಕಾರು ಹಣ್ಣಿನ ಮೇಲೆ ಹತ್ತಬೇಕು. ಆದರೆ ಎಂಜಿನ್ ಸತ್ತಿದೆ. ಸರಿ, ನೂಕೋಣ ಅಂತ ಬೀದಿಯವರೆಲ್ಲ ಸೇರಿದರು. ನಮ್ಮನೆಯವರ ಜೊತೆ ಬಸ್ಸಿನಲ್ಲಿದ್ದ ಕಂಡಕ್ಟರ್ ಅವತ್ತು ರಜೆ ಹಾಕಿ ಬಂದಿದ್ದ. ಅವನು ಹಿಂದೆ ನಿಂತು "ರೈಟ್, ರೈಟ್" ಅಂತ ಕೂಗುತ್ತಾ ನೂಕಿದ. ಟೈರಿನಲ್ಲಿ ಗಾಳಿ ಇಲ್ಲ, ಅಂಗಳದ ಮಣ್ಣು ಮೆತ್ತಗೆ. ಕಾರು ಒಂದು ಗೇಣು ಮುಂದೆ ಹೋಗಿ ನಿಂಬೆಹಣ್ಣಿಗೆ ತಾಗಿ ನಿಂತಿತು. ಮತ್ತೆ ನೂಕಿದರು, ಮತ್ತೆ ನಿಂತಿತು. ಯಾರದೋ ಪಂಚೆ ಬಿಚ್ಚಿತು, ನಿಂಬೆಹಣ್ಣು ಮಾತ್ರ ಬಿರಿಯಲಿಲ್ಲ.

ಇವರು ಪಕ್ಕದಲ್ಲಿ ನಿಂತು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನೋಡುತ್ತಿದ್ದರು. ನೂಕಲು ಅವರನ್ನು ಯಾರೂ ಕರೆಯಲಿಲ್ಲ. ಕರೆಯದೇ ಇದ್ದದ್ದು ಅವರಿಗೆ ಗೊತ್ತಾಯಿತು ಅನ್ನುವುದು ನನಗೆ ಗೊತ್ತಾಯಿತು.

ಎಲ್ಲರೂ ಸುಸ್ತಾಗಿ ಕೂತ ಮೇಲೆ ಅಜ್ಜಿ ಕಾರಿನ ಸುತ್ತ ಒಂದು ಬಾರಿ ನಿಧಾನವಾಗಿ ನಡೆದು ಬಂದರು. ಕಿತ್ತುಹೋದ ಚಾವಣಿ ನೋಡಿದರು, ತುಕ್ಕು ಹಿಡಿದ ಬಾಗಿಲು ನೋಡಿದರು. ಆಮೇಲೆ ಬಗ್ಗಿ ನಾಲ್ಕೂ ನಿಂಬೆಹಣ್ಣು ಆರಿಸಿ ತಟ್ಟೆಗೆ ಹಾಕಿಕೊಂಡರು.

"ಬಿಡೇ ಯವ್ವಾ, ಇದಕ್ಕೆ ನಿಂಬಿಹಣ್ಣು ಯಾಕೆ? ನೋಡಿದೋರಿಗೆ ಹೊಟ್ಟೆಕಿಚ್ಚು ಬಂದ್ರಲ್ಲೇನು ದೃಷ್ಟಿ ತಾಗಾದು? ಇದನ್ನ ನೋಡಿದೋರಿಗೆ ಅಯ್ಯೋ ಅನ್ನಿಸ್ತತಿ."

ನಾನು ಸತ್ತ ದಿನ

ರಿಪೇರಿ ಮನೆಯಲ್ಲೇ ಅಂತ ಇವರು ಹಟ ಹಿಡಿದರು. ಯಾವ ಭಾಗ ಎಲ್ಲಿ ಕೂರುತ್ತದೆ ಅನ್ನುವುದು ಇವರ ತಲೆಯಲ್ಲಿದೆ, ಆದರೆ ಕೈಗೆ ಸ್ಪ್ಯಾನರ್ ಕೊಟ್ಟರೆ ಅದು ನಟ್ಟಿನ ಮೇಲೆ ಕೂರುವುದಿಲ್ಲ. ನನ್ನ ಕೈ ಸೂಜಿಗೆ ದಾರ ಪೋಣಿಸಿದ ಕೈ, ನಡುಗುವುದಿಲ್ಲ. ಆದರೆ ತಲೆಗೆ ಕಾರಿನ ಗಂಧಗಾಳಿ ಗೊತ್ತಿಲ್ಲ. ಹಾಗಾಗಿ ಅವರ ತಲೆ, ನನ್ನ ಕೈ ಅಂತ ಪಾಲಾಯಿತು. ಜೋರು ಬೇಕಾದ ಕಡೆ ಕಂಡಕ್ಟರ್ ಡ್ಯೂಟಿ ಮುಗಿಸಿ ಬರುತ್ತಿದ್ದ.

ಒಂದು ಮಧ್ಯಾಹ್ನ ಕಾರನ್ನು ಜಾಕಿಯಿಂದ ಎತ್ತಿ, ಅಡಿಗೆ ಮರದ ದಿಮ್ಮಿ ಕೊಟ್ಟು, ನಾನು ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿದ್ದೆ. ಇವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಟಾರ್ಚ್ ಹಿಡಿದಿದ್ದರು. ಬೆಳಕು ಒಂದು ಕಡೆ ನಿಲ್ಲದೆ ಅತ್ತಿತ್ತ ಓಡಾಡುತ್ತಿತ್ತು. ಬಾಯಿ ತಪ್ಪಿ "ಸ್ವಲ್ಪ ನೆಟ್ಟಗೆ ಹಿಡೀರಿ" ಅಂದುಬಿಟ್ಟೆ. ಟಾರ್ಚ್ ಆರಿತು. ನಾನು ಹೊರಗೆ ಬರೋಣ ಅಂದರೆ ಜಡೆ ಎಲ್ಲೋ ಬೋಲ್ಟಿಗೆ ಸಿಕ್ಕಿಕೊಂಡಿತ್ತು.

ಅದೇ ಹೊತ್ತಿಗೆ ರವಿಕೆ ಕೇಳಲು ಒಬ್ಬಳು ಗಿರಾಕಿ ಬಂದಳು. ಅವಳಿಗೆ ಕಂಡದ್ದು ಇಷ್ಟು: ಕಾರಿನ ಅಡಿಯಿಂದ ಚಾಚಿದ, ಕಾಲುಂಗುರದ ಎರಡು ಕಾಲು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ನಮ್ಮನೆಯವರು.

"ಅಣ್ಣಾ, ಅಕ್ಕ ಎಲ್ಲಿ?" ಅಂತ ಕೇಳಿದಳು. ಇವರು ತಲೆ ಎತ್ತದೆ, ನಡುಗುವ ಕೈಯಿಂದ ಕಾರಿನ ಅಡಿ ತೋರಿಸಿದರು.

ಅವಳು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿರಬೇಕು. ಬೀದಿಯೇ ಬಂತು. ನನಗೆ ಅಡಿಯಿಂದ ಬರೀ ಪಾದಗಳು ಕಾಣುತ್ತಿದ್ದವು. "ಬಾಯಿ ಜೋರಿತ್ತು, ಮನಸ್ಸು ಬಂಗಾರ" ಅಂದಿತು ಒಂದು ಜೊತೆ ಚಪ್ಪಲಿ. "ನಿನ್ನೆ ಸಂಜೆ ನಮ್ಮನಿಗೆ ಕರಿಬೇವು ಕೊಟ್ಟಿದ್ಲು" ಅಂತ ಬರಿಗಾಲಿನ ಅಜ್ಜಿ ಬಿಕ್ಕಿದರು. "ಸತ್ತಿಲ್ಲ ನಾನು!" ಅಂತ ಕೂಗಿದೆ. ಅಳುವವರ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಇದ್ದಾಗ ಒಬ್ಬರೂ ಆಡದ ಒಳ್ಳೆಯ ಮಾತೆಲ್ಲ ಬರುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಆ ಗಿರಾಕಿ ಎದೆ ಬಡಿದುಕೊಂಡು ರಾಗ ತೆಗೆದಳು: "ಅಯ್ಯೋ ನಮ್ಮಕ್ಕಾ, ನನ್ನ ಮಗಳ ಮದುವಿ ಧಾರಿ ಬ್ಲೌಸು ಹೊಲ್ದಿದ್ಯೋ ಇಲ್ವೋ, ಇನ್ನ್ ಯಾರನ್ನ ಕೇಳ್ಲೇ!"

ಸತ್ತವಳಾದರೂ ಕಸುಬು ಬಿಡಲಾಗುತ್ತದೆಯೇ? ಅಡಿಯಿಂದಲೇ ಹೇಳಿದೆ: "ಒಂದು ತೋಳು ಬಾಕಿ ಐತಿ, ನಾಳೆ ಬಾ."

ಬಸ್ಸು ಬಿಟ್ಟ ಮೇಲೆ ನಮ್ಮನೆಯವರು ಮೊದಲ ಸಲ ನಕ್ಕದ್ದು ಅವತ್ತು.

ಡಾಕ್ಟರ ಪ್ರಶ್ನೆ

ಶಿವಮೊಗ್ಗದ ಡಾಕ್ಟರು ಪ್ರತಿ ಸಲವೂ ಒಂದೇ ಪರೀಕ್ಷೆ ಮಾಡುತ್ತಾರೆ. ಬೆರಳು ಮುಚ್ಚಿ ತೆರೆಯಿರಿ, ನಡೆದು ತೋರಿಸಿ, ಗೆರೆ ಎಳೆಯಿರಿ. ಗೆರೆ ಎಳೆಯುವುದು ಇವರಿಗೆ ಪ್ರಾಣಸಂಕಟ. ಬಸ್ಸನ್ನು ಬಿಳಿ ಗೆರೆಗೆ ಕೂದಲೆಳೆ ಬಿಟ್ಟು ನಿಲ್ಲಿಸುತ್ತಿದ್ದವರು, ಕಾಗದದ ಮೇಲೆ ಒಂದು ಗೇಣು ನೆಟ್ಟಗೆ ಹೋಗಲಾರರು.

ಆ ಸಲ ಡಾಕ್ಟರು ಗೆರೆ ನೋಡಿ ಕೇಳಿದರು: "ಮನೇಲಿ ಗಾಡಿ ಏನಾದ್ರೂ ಇದೆಯಾ?"

"ಒಂದು ಸ್ಪೋರ್ಟ್ಸ್ ಕಾರಿದೆ ಸಾರ್" ಅಂದರು ಇವರು.

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕಾಯಿಲೆ ತಲೆಗೂ ಏರಿತೇ ಅನ್ನುವ ನೋಟ. ನಾನು "ಹೌದು ಸಾರ್, ಕೆಂಪುದು" ಅಂದೆ. ಈಗ ಅವರು ಇಬ್ಬರನ್ನೂ ಹಾಗೇ ನೋಡಿದರು.

"ನೋಡಿ, ಈ ಕೈಯಲ್ಲಿ ಜನ ಓಡಾಡೋ ರಸ್ತೆಯಲ್ಲಿ ಗಾಡಿ ಮುಟ್ಟಬೇಡಿ. ಅದು ಓಡಿಸೋದು ನಿಲ್ಲಿಸಿ."

ಇವರು ಬಹಳ ವಿನಯದಿಂದ ಹೇಳಿದರು: "ನಿಲ್ಸೋಕೇನು ಸಾರ್, ಮೊದ್ಲು ಅದು ಹೊರಡಬೇಕಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತರು.

ಕಾರಿಗೊಂದು ರವಿಕೆ

ಎಂಜಿನ್ ಕೆಲಸ ನಿಧಾನವಾಗಿ ಸಾಗುತ್ತಿದ್ದಾಗ ಚಾವಣಿಯ ಪ್ರಶ್ನೆ ಬಂತು. ಹೊಸದು ತರಿಸಲು ಎಲ್ಲಿ ಕೇಳಿದರೂ ಇಲ್ಲ. "ನೀನೇ ಹೊಲಿ" ಅಂದರು ಇವರು. ಭತ್ತದ ಬಣವೆಗೆ ಮುಚ್ಚುವ ನೀಲಿ ತಾಡಪಾಲು ತಂದು ಅಳತೆಗೆ ಇಳಿದೆ. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಇವರ ಕೈಯಲ್ಲಿ. ಆ ತುದಿ ನಿಲ್ಲಲೇ ಇಲ್ಲ. ಈ ಸಲ ನಾನು ನೆಟ್ಟಗೆ ಹಿಡೀರಿ ಅನ್ನಲಿಲ್ಲ. "ಇರಲಿ, ಮಾರ್ಜಿನ್ ಜಾಸ್ತಿ ಬಿಡ್ತೀನಿ" ಅಂದೆ. ರವಿಕೆ ಹೊಲಿಯುವಾಗ ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವೆ. ಮನುಷ್ಯನ ಕೈಗೂ ದೇವರು ಹಾಗೆ ಒಂದಿಷ್ಟು ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಮಷಿನ್ ತುಳಿಯುತ್ತಾ ಯೋಚಿಸಿದೆ. ಸಿಟ್ಟು ಬಂತು. ಆ ಸಿಟ್ಟಿಗೆ ಸೂಜಿ ಮುರಿಯಿತು.

ಹುಟ್ಟಿದಾಗಿನಿಂದ ಹೊಲಿದದ್ದು ರವಿಕೆಯೇ. ಕೈ ತನ್ನ ದಾರಿ ತಾನು ಹಿಡಿಯಿತು. ಎರಡು ಕಡೆ ಟಕ್ಸ್ ಹಾಕಿದೆ, ಅಂಚಿಗೆ ಪೈಪಿಂಗ್ ಕೊಟ್ಟೆ, ಗಾಜಿನ ಚೌಕಟ್ಟಿಗೆ ಸಿಕ್ಕಿಸಲು ಸಾಲಾಗಿ ಹುಕ್ಕು ಇಟ್ಟೆ. ತೊಡಿಸಿ ನೋಡಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು. ಇವರು ಒಂದು ಸುತ್ತು ಬಂದು ನೋಡಿದರು. ಪಕ್ಕದ ಮನೆಯ ಅಜ್ಜಿಯೂ ಬಂದರು. ಮುಟ್ಟಿ, ಎಳೆದು, ಪೈಪಿಂಗ್ ಸವರಿ, ಕೊನೆಗೆ ಕೇಳಿದರು:

"ಚೆಂದ ಆಗೇತಿ. ಅಲ್ಲ, ಹರೇದ ಹುಡುಗೀರು ಈಗ ಹುಕ್ಕು ಹಿಂದೆ ಇಡಿಸ್ಕೊಂತಾರಂತೆ. ಇದಕ್ಯಾಕೆ ಮುಂದೆ ಇಟ್ಟೀಯ?"

ಅದೇ ವಾರ ಕಾರು ಹೊರಟಿತು. ಹೊರಟಿತು ಅಂದರೆ ಓಡಿತು ಅಂತಲ್ಲ, ಎಂಜಿನ್ ಜೀವ ಹಿಡಿಯಿತು. ಗುಡುಗಿದ ಸದ್ದಿಗೆ ಬೀದಿ ನಾಯಿಗಳು ಬಾಲ ಮುದುರಿಕೊಂಡು ಸಂತೆ ಮಾಳದ ಕಡೆ ಓಡಿದವು. ಇವರು ಬಲಗೈಯನ್ನು ಬಾನೆಟ್ಟಿನ ಮೇಲೆ ಇಟ್ಟರು. ಬಾನೆಟ್ಟು ನಡುಗುತ್ತಿತ್ತು, ಕೈಯೂ ನಡುಗುತ್ತಿತ್ತು. ಅಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಈಗ ಹೇಳು ನೋಡಾಣ, ನಡುಗ್ತಿರಾದು ನಾನೋ ಕಾರೋ?"

ನಿಲ್ಲುತ್ತಾ ನಿಲ್ಲುತ್ತಾ ಸೊರಬ

ಮಗಳನ್ನು ಸೊರಬಕ್ಕೆ ಕೊಟ್ಟಿದ್ದೇವೆ. ಅವಳಿಗೆ ಕಾರು ತೋರಿಸಬೇಕು ಅಂತ ಹೊರಟದ್ದು. ಡಾಕ್ಟರ ಮಾತಿನಂತೆ ಸ್ಟೀರಿಂಗ್ ಕಂಡಕ್ಟರನ ಕೈಯಲ್ಲಿ. ಅವನಿಗೆ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಪಕ್ಕದ ಸೀಟಿನಲ್ಲಿ ನಮ್ಮನೆಯವರು. ಎರಡೇ ಸೀಟಾದ್ದರಿಂದ ನಾನು ಅವರ ಹಳೆಯ ಬಸ್ಸೇ ಹತ್ತಿದೆ.

ಯಾರು ಕೈ ಮಾಡಿದರೂ ನಿಲ್ಲದ ಗಾಡಿ ಅಂತಲ್ಲವೇ ಅದನ್ನು ತಂದದ್ದು? ಆದರೆ ಚಾವಣಿ ಇಳಿಸಿಕೊಂಡು ಹೋದದ್ದೇ ತಪ್ಪಾಯಿತು. ಆ ದಾರಿಯಲ್ಲಿ ಇವರ ಮುಖ ಗೊತ್ತಿಲ್ಲದ ಮನುಷ್ಯನಿಲ್ಲ. ಮೊದಲ ಸ್ಟಾಪಿನಲ್ಲೇ "ಡ್ರೈವರಣ್ಣಾ!" ಅಂತ ಯಾರೋ ಕೈ ಮಾಡಿದರು. ಇವರ ಕಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತಿತು. ಕಂಡಕ್ಟರನ ಕಾಲು ಇದ್ದ ಬ್ರೇಕನ್ನೇ ಒತ್ತಿತು. "ಅಣ್ಣಾ, ಎಷ್ಟು ದಿನ ಆತು ನಿಮ್ಮನ್ನ ನೋಡಿ. ಈ ಮಾತ್ರೆ ಮುಂದಿನ ಊರಿನ ಅಂಗಡೀಲಿ ಕೊಟ್ಬಿಡ್ರಿ, ನಮ್ಮವ್ವ ಬಂದು ಇಸ್ಕೊಂತಾಳೆ." ಸರಿ ಅಂದರು. ಮುಂದಿನ ಸ್ಟಾಪಿನಲ್ಲಿ ಒಂದು ಊಟದ ಡಬ್ಬಿ. ಆಮೇಲೆ ಬಾಳೆಗೊನೆ. ಆಮೇಲೆ ರಿಪೇರಿಗೆ ಹೋಗಬೇಕಾದ ಮಿಕ್ಸಿ. ಬಸ್ಸಿನಲ್ಲಿ ಇದ್ದಾಗ ಊರೂರಿಗೆ ಸಾಮಾನು ಮುಟ್ಟಿಸುತ್ತಿದ್ದ ಮನುಷ್ಯನಿಗೆ ಬೇಡ ಅನ್ನಲು ಬರುವುದೇ ಇಲ್ಲ.

ನನ್ನ ಬಸ್ಸು ಅರ್ಧ ದಾರಿಯಲ್ಲಿ ಅವರನ್ನು ಹಿಂದೆ ಹಾಕಿತು. ಕಿಟಕಿಯಿಂದ ನೋಡಿದೆ. ಸ್ಪೋರ್ಟ್ಸ್ ಕಾರು ರಸ್ತೆ ಬದಿಯಲ್ಲಿ ನಿಂತಿತ್ತು, ಇವರ ತೊಡೆಯ ಮೇಲೆ ಬಾಳೆಗೊನೆ, ಗೊನೆಯ ಮೇಲೆ ಡಬ್ಬಿ. ಯೂನಿಫಾರ್ಮ್ ತೊಟ್ಟ ಹುಡುಗಿಯೊಬ್ಬಳು ಕಾರಿನ ಪಕ್ಕ ಬಗ್ಗಿ ಏನೋ ಕೇಳುತ್ತಿದ್ದಳು. ಏನು ಕೇಳಿದಳು ಅಂತ ಆಮೇಲೆ ಕಂಡಕ್ಟರ್ ಹೇಳಿದ.

"ಅಂಕಲ್, ಇದ್ರಾಗೆ ಸ್ಟೂಡೆಂಟ್ ಪಾಸ್ ನಡೀತತಾ?"

ಬೀಗಿತ್ತಿ

ಸೊರಬದಲ್ಲಿ ನಮ್ಮ ಬೀಗಿತ್ತಿ, ಅಂದರೆ ಮಗಳ ಅತ್ತೆ, ಬಾಗಿಲಲ್ಲೇ ಕಾಯುತ್ತಿದ್ದರು. ಒಳ್ಳೆಯ ಹೆಂಗಸು, ಮಂಡಿ ನೋವು ಒಂದು ಬಿಟ್ಟರೆ ಯಾವುದಕ್ಕೂ ಹೆದರುವವರಲ್ಲ. "ನಾನೂ ಒಂಚೂರು ಕೂತ್ಕಂಡು ನೋಡ್ತೆ ಮಾರಾಯ್ತಿ" ಅಂದರು. ಆ ಹೊತ್ತಿಗೆ ಹನಿ ಬಿದ್ದಿದ್ದರಿಂದ ಕಂಡಕ್ಟರ್ ಚಾವಣಿ ಏರಿಸಿ ಹುಕ್ಕು ಹಾಕಿದ್ದ. ಅವರು ಕೂತರು. ಕೂತರು ಅನ್ನುವುದಕ್ಕಿಂತ ಇಳಿದರು ಅನ್ನಬೇಕು, ಸೀಟು ನೆಲದಲ್ಲೇ ಇತ್ತಲ್ಲ. ಏಳಲು ನೋಡಿದರೆ ಮಂಡಿ ಒಪ್ಪಲಿಲ್ಲ. ಅಳಿಯ ಕೈ ಹಿಡಿದು ಎಳೆದ, ಮಗಳು ಬೆನ್ನು ನೂಕಿದಳು, ಎದುರು ಮನೆಯವರು ಬಂದು ಸಲಹೆ ಕೊಟ್ಟರು.

ಕೊನೆಗೆ ನಾನು ನನ್ನ ರವಿಕೆಯ ಹುಕ್ಕುಗಳನ್ನು ಒಂದೊಂದಾಗಿ ಬಿಚ್ಚಿದೆ. ಮಾರ್ಜಿನ್ ಬಿಟ್ಟದ್ದಕ್ಕೆ ಆ ಎಳೆದಾಟಕ್ಕೂ ಹೊಲಿಗೆ ಬಿಡಲಿಲ್ಲ. ಚಾವಣಿ ಸರಿಸಿ, ಕಂಕುಳಿಗೆ ಕೈ ಕೊಟ್ಟು, ಬೀದಿಯವರೆಲ್ಲ ಸೇರಿ ಅವರನ್ನು ಮೇಲಿನಿಂದ ಎತ್ತಿ ತೆಗೆದೆವು.

ಹೊರಗೆ ಬಂದವರೇ ಸೆರಗು ಸರಿಮಾಡಿಕೊಂಡು ಅಂದರು: "ನನ್ನ ಹೆರಿಗೆಗೂ ಇಷ್ಟು ಜನ ಸೇರಿರ್ಲಿಲ್ಲ ಕಣ್ರೀ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೂ ನಕ್ಕರು. ಆದರೆ ಮನೆಗೆ ಬಂದ ಮೇಲೆ ಕೀಲಿಯನ್ನು ಮೊಳೆಗೆ ತೂಗಿಹಾಕಲು ಹೋಗಿ, ಮೊಳೆ ಸಿಗದೆ, ಕೀಲಿ ಕೆಳಗೆ ಬಿತ್ತು. ಅದನ್ನೇ ನೋಡುತ್ತಾ ಹೇಳಿದರು: "ಕೈ ಮಾಡಿದೋರಿಗೆಲ್ಲ ನಿಂತ್ಕಂತು ಈ ಕಾರು. ನನಗೊಬ್ಬನಿಗೆ ಸಿಗ್ಲಿಲ್ಲ." ನಾನು ಕೀಲಿ ಎತ್ತಿ ತೂಗಿಹಾಕಿದೆ.

ಹುರುಳಿ

ಕೊನೆಯದನ್ನು ಹೇಳುವ ಮುಂಚೆ ಒಂದು ಮಾತು. ಈಗ ಅವರು ಕಾರು ಮುಟ್ಟುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ, ಎಲ್ಲ ಅಂಗಿಗೂ ಟಿಚ್ ಬಟನ್ ಇಟ್ಟುಕೊಟ್ಟಿದ್ದೇನೆ. ಅನ್ನ ಕಲಸಿ ನಾನೇ ಬಾಯಿಗಿಡುತ್ತೇನೆ. ಕಾರು ನೀಲಿ ರವಿಕೆ ತೊಟ್ಟು ಅಂಗಳದಲ್ಲಿ ನಿಂತಿದೆ. ಇದನ್ನು ಮೊದಲೇ ಹೇಳಿಬಿಟ್ಟೆ. ಕೊನೆಗಿಟ್ಟುಕೊಂಡರೆ ನನಗೆ ನಗಲಿಕ್ಕಾಗುವುದಿಲ್ಲ.

ಅದು ಹುರುಳಿ ಕಿತ್ತ ಕಾಲ. ನಮ್ಮ ಕಡೆ ಕಣ ಮಾಡುವ ತಾಪತ್ರಯ ಯಾರಿಗೆ ಬೇಕು? ಒಣಗಿದ ಬಳ್ಳಿ ತಂದು ಟಾರು ರಸ್ತೆಗೆ ಹರವುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಬಸ್ಸು ಓಡಿಸುವಾಗ ಇವರೇ ಎಷ್ಟು ಮನೆಯ ಹುರುಳಿ ತುಳಿಸಿಕೊಟ್ಟಿದ್ದಾರೋ.

ನಿಂತರೆ ಬ್ಯಾಟರಿ ಇಳಿಯುತ್ತದೆ ಅಂತ ಕಂಡಕ್ಟರ್ ಆಗಾಗ ಇವರನ್ನು ಕೂರಿಸಿಕೊಂಡು ಕಾರು ಸುತ್ತಾಡಿಸುತ್ತಿದ್ದ. ಆ ದಿನ ನಾನು ಹೊಲಿದ ರವಿಕೆಗಳನ್ನು ಕೊಡಲು ತಾಳಗುಂದದ ಕಡೆ ಬಸ್ಸಿನಲ್ಲಿ ಹೋಗಿದ್ದೆ. ಕೊಟ್ಟು ನಡೆದು ಬರುತ್ತೇನೆ, ಊರ ಹೊರಗಿನ ಒಳರಸ್ತೆಯಲ್ಲಿ ನಮ್ಮ ಕಾರು ನಿಂತಿದೆ. ಮುಂದೆ ಉದ್ದಕ್ಕೂ ಹುರುಳಿ. ಹುರುಳಿಯ ಒಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಂಡಕ್ಟರನನ್ನು ತರಾಟೆಗೆ ತೆಗೆದುಕೊಂಡಿದ್ದಾಳೆ.

"ಒಂದು ಗಾಡಿ ಬರ್ಲಿ ಅಂತ ಬೆಳಿಗ್ಗಿಂದ ದೇವ್ರಿಗೆ ಹರಕಿ ಹೊತ್ತೀನಿ. ಬಂದೋನು ನೀನು ಇಲ್ಲಿ ನಿಂತ್ರೆ ಹೆಂಗೆ? ಹುರುಳಿ ತುಳಿಸಪ್ಪಾ!"

ಕಂಡಕ್ಟರನದು ಬೇರೆ ಭಯ. ಕಾರು ಕೆಳಗೆ, ಬಳ್ಳಿ ಸೈಲೆನ್ಸರಿಗೆ ಸುತ್ತಿಕೊಂಡು ಬೆಂಕಿ ಹತ್ತಿದರೆ? "ಬಸ್ಸು ಲಾರಿ ಬರ್ತಾವೆ ಬಿಡ್ರಿ" ಅಂದ.

"ಎಲ್ಲಿ ಬರ್ತಾವೆ? ಮುಂದೆ ಮೋರಿ ಅಗ್ದು ರಸ್ತೆ ಬಂದ್ ಮಾಡ್ಯಾರೆ."

"ರಸ್ತೆ ಬಂದ್ ಆಗಿದ್ ಗೊತ್ತಿದ್ರೂ ಇಲ್ಲೇ ಯಾಕ್ ಹಾಕಿದ್ರಿ?"

"ಪ್ರತಿ ವರ್ಷ ಇಲ್ಲೇ ಹಾಕಾದು!" ಅಂದ ಆಕೆಯ ದನಿಯಲ್ಲಿ ತಪ್ಪೆಲ್ಲ ಮೋರಿಯದು ಅನ್ನುವಂತಿತ್ತು.

ಕಾರಿನೊಳಗೆ ಕೂತಿದ್ದ ನಮ್ಮನೆಯವರು ಈ ಜಗಳ ಕೇಳುತ್ತಿರಲಿಲ್ಲ. ರಸ್ತೆ ನೋಡುತ್ತಿದ್ದರು. ನೆಟ್ಟಗಿನ ರಸ್ತೆ, ಎರಡೂ ಕಡೆ ಕೊಯ್ದ ಗದ್ದೆ, ಅತ್ತ ಮೋರಿಯವರೆಗೂ ಒಂದು ನರಪಿಳ್ಳೆ ಇಲ್ಲ. ನನ್ನನ್ನು ಕಂಡು ಹೇಳಿದರು: "ಡಾಕ್ಟರು ಏನಂದಿದ್ರು? ಜನ ಓಡಾಡೋ ರಸ್ತೇಲಿ ಬ್ಯಾಡ ಅಂದಿದ್ರು. ಇಲ್ಲಿ ಜನ ಎಲ್ಲದಾರೆ?"

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಆ ಹೆಂಗಸಿಗೆ "ನೀವು ಬದು ಹತ್ತಿ ನಿಂತ್ಕಳ್ರಿ" ಅಂದೆ. ಕಂಡಕ್ಟರ್ ಇಳಿದ. ಇವರು ಸ್ಟೀರಿಂಗಿಗೆ ಬಂದರು. ನಾನು ಪಕ್ಕ ಕೂತು ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟೆ. ಕೀಲಿ ತೂರಿಸಿದ್ದು ನಾನು, ತಿರುವಿದ್ದು ಅವರು.

ಕಾರು ಹೊರಟಿತು. ಎತ್ತಿನ ಗಾಡಿಯಾದರೂ ನಮ್ಮನ್ನು ಹಿಂದೆ ಹಾಕುತ್ತಿತ್ತು. ಬಲಗೈ ನಡುಗಿದಾಗೆಲ್ಲ ಕಾರು ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತಿತ್ತು. ಚಕ್ರದಡಿ ಹುರುಳಿಕಾಯಿ ಚಟಪಟ ಸಿಡಿಯುತ್ತಿತ್ತು. ನಾನು ರಸ್ತೆ ನೋಡಲಿಲ್ಲ, ಅವರ ಮುಖ ನೋಡುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಅವರ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದ ಮುಖ ಅದು. ಇನ್ನು ಕಾಣಲಾರೆ ಅಂದುಕೊಂಡಿದ್ದೆ.

ತುದಿಗೆ ಹೋಗಿ ತಿರುಗಿಸಿಕೊಂಡು ಬರುವಾಗ ಬದುವಿನ ಮೇಲಿದ್ದ ಹೆಂಗಸು ಕೈ ಬೀಸಿ ಏನೋ ಕೂಗಿದಳು. ಕೈ ಮಾಡಿದ ಹಾಗೇ ಇತ್ತು. ಇವರು ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ, ಸಣ್ಣ ಹುಡುಗನ ಹಾಗೆ ನಕ್ಕರು.

"ನಿಲ್ಸಲ್ಲ" ಅಂದರು.

ನಿಲ್ಲಿಸಲೂ ಇಲ್ಲ. ಅವಳನ್ನು ದಾಟಿ ಹೋದೆವು. ನನಗೆ ಕಣ್ಣು ಮಂಜಾಯಿತು, ಆದರೂ ಬ್ರೇಕಿನ ಮೇಲಿನ ಕೈ ತೆಗೆಯಲಿಲ್ಲ.

ಒಂದೊಂದು ಸುತ್ತಿಗೂ ಕಂಡಕ್ಟರ್ ಅಡ್ಡ ಬಂದು, ಬಗ್ಗಿ, ಅಡಿಯಲ್ಲಿ ಸಿಕ್ಕಿದ ಬಳ್ಳಿ ಎಳೆದು ಬಿಡುತ್ತಿದ್ದ. ಇವರ ಕೈ ಸೋಲುವವರೆಗೂ ಸುತ್ತಿದೆವು. ಎಂಜಿನ್ ಆರಿಸಿ ಇಳಿದು, ಹಿಂದೆ ತಿರುಗಿ ನೋಡಿದರು. ಹುರುಳಿಯ ಮೇಲೆ ಚಕ್ರದ ಗುರುತು ಎದ್ದು ಕಾಣುತ್ತಿತ್ತು. ಒಂದು ಗೆರೆಯೂ ನೆಟ್ಟಗಿರಲಿಲ್ಲ. ಡಾಕ್ಟರ ಕಾಗದದ ಮೇಲಿನ ಗೆರೆಯೇ ರಸ್ತೆಯುದ್ದಕ್ಕೂ ಬಿದ್ದಿತ್ತು. ಅವರ ಮುಖ ಇಳಿದುಹೋಯಿತು.

"ಹಾವು ಹರಿದಂಗೆ ಓಡ್ಸೀನಿ ನೋಡೆ. ನಾನು ಡ್ರೈವರ್ ಅಂತೆ" ಅಂದರು. ಕೀಲಿಯನ್ನು ಕಂಡಕ್ಟರನ ಕೈಗೆ ಕೊಟ್ಟರು. "ಸಾಕು. ಮುಗೀತು."

ಕಂಡಕ್ಟರ್ ಕಾಲು ನೋಡುತ್ತಾ ನಿಂತ. ಅಷ್ಟರಲ್ಲಿ ಆ ಹೆಂಗಸು ಬದುವಿನಿಂದ ದಡದಡ ಇಳಿದು ಬಂದು, ಬಳ್ಳಿ ಎತ್ತಿ ಎತ್ತಿ ಕೊಡವಿ ನೋಡತೊಡಗಿದಳು. ಇಲ್ಲಿ ಎತ್ತಿದಳು, ಅಲ್ಲಿ ಎತ್ತಿದಳು. ಎಲ್ಲ ಕಡೆಯೂ ಬರೀ ಹೊಟ್ಟು, ಕೆಳಗೆ ರಾಶಿ ಕಾಳು. ಸೊಂಟಕ್ಕೆ ಕೈಯಿಟ್ಟು ನಮ್ಮನೆಯವರ ಕಡೆ ತಿರುಗಿದಳು.

"ಎಂಥಾ ಕೈರೀ ನಿಮ್ದು! ಬಸ್ಸು ಲಾರಿಯೋರು ನೆಟ್ಟಗೆ ಒಂದೇ ಗೆರಿ ತುಳ್ಕೊಂಡು ಹೋಗ್ತಾರೆ, ಪಕ್ಕದ್ದೆಲ್ಲ ಹಂಗೇ ಉಳೀತತಿ, ಮತ್ತೆ ನಾನು ಕೋಲು ತಗಂಡು ಬಡೀಬೇಕು. ನೀವು ಅತ್ಲಾಗೆ ಇತ್ಲಾಗೆ ಓಡ್ಸಿ ಒಂದು ಕಾಯಿ ಬಿಟ್ಟಿಲ್ಲ ನೋಡ್ರಿ! ಇಷ್ಟು ವರ್ಷದಾಗೆ ಇಂಥಾ ಡ್ರೈವರ್ನ ನಾ ಕಂಡಿಲ್ಲ."

ಇವರು ತಮ್ಮ ಕೈಯನ್ನೇ ನೋಡಿಕೊಂಡರು. ಅದು ಅಲ್ಲಾಡುತ್ತಲೇ ಇತ್ತು.

"ನಾಳೆ ನಮ್ಮಕ್ಕನ ಮನೀದೂ ಹಾಕ್ತೀವಿ. ಬರ್ತೀರಾ ಡ್ರೈವರಣ್ಣಾ?"

ಇವರಿಗೆ ಸುಸ್ತಾಗಿದೆ ಅಂತ ಕಂಡಕ್ಟರ್ ಮುಂದೆ ಬಂದು "ನಾಳೆ ನಾನು ಬಂದು ತುಳಿಸ್ತೀನಿ ಬಿಡ್ರಿ" ಅಂದ. ಆಕೆ ಅವನ ಕೈಯಲ್ಲಿ ಕದಲದೆ ನಿಂತಿದ್ದ ಕೀಲಿಯನ್ನು ನೋಡಿದಳು, ಅವನ ಮುಖ ನೋಡಿದಳು.

"ನೀ ಬ್ಯಾಡಪ್ಪ. ನಿನ್ ಕೈ ಅಲ್ಲಾಡಾದೇ ಇಲ್ಲ."